ನವಿಲಿನ ಆತ್ಮರಕ್ಷಣೆ

ನವಿಲು (ಪೇವೊ ಕ್ರಿಸ್ಟೇಟಸ್) ಕಾದಾಟಕ್ಕಿಂತ ಎಚ್ಚರವನ್ನೇ ನೆಚ್ಚಿದ ಹಕ್ಕಿ. ಚಿರತೆ, ಹುಲಿ, ಸೀಳುನಾಯಿಗಳ ಸುಳಿವು ಸಿಕ್ಕೊಡನೆ ಗಟ್ಟಿಯಾಗಿ ಕೂಗಿ ಗುಂಪನ್ನು ಎಚ್ಚರಿಸುತ್ತದೆ. ಬಂಡೀಪುರ, ನಾಗರಹೊಳೆಗಳಲ್ಲಿ ಹುಲಿ ಹುಡುಕುವವರು ಕಿವಿಗೊಡುವ ಕೂಗುಗಳಲ್ಲಿ ಇದೂ ಒಂದು. ಬೆನ್ನಟ್ಟಿದರೆ ಮೊದಲು ಪೊದೆಗಳ ನಡುವೆ ಓಡುತ್ತದೆ, ಹಾರುವುದು ಆಮೇಲಿನ ಮಾತು. ರಾತ್ರಿ ಎತ್ತರದ ಮರಗಳಲ್ಲಿ ಗುಂಪಾಗಿ ತಂಗುತ್ತದೆ. ಗಂಡಿನ ಕಾಲಿನಲ್ಲಿ ಚೂಪಾದ ಮುಳ್ಳಿದೆ. ಅದು ಹೆಚ್ಚಾಗಿ ಬಳಕೆಯಾಗುವುದು ಎದುರಾಳಿ ಗಂಡುಗಳ ಮೇಲೆ. ಹೆಸರುವಾಸಿಯಾದ ಉದ್ದ ಗರಿಗಳು ಹೆಣ್ಣನ್ನು ಒಲಿಸಲಿಕ್ಕೇ ಹೊರತು ರಕ್ಷಣೆಗಲ್ಲ. ಸಂತಾನಕಾಲ ಮುಗಿದ ಮೇಲೆ ಉದುರಿಹೋಗುತ್ತವೆ. ನಿಜವಾದ ಅಪಾಯ ಹೆಣ್ಣಿಗೆ: ನೆಲದ ಗುಳಿಯಲ್ಲಿ ಮೊಟ್ಟೆಯಿಟ್ಟು ಸುಮಾರು 28 ದಿನ ಒಂಟಿಯಾಗಿ ಕಾವು ಕೊಡಬೇಕು. ಆಗ ಅದನ್ನು ಕಾಯುವುದು ಒಣ ಎಲೆಗಳಲ್ಲಿ ಬೆರೆತುಹೋಗುವ ಮಾಸಲು ಕಂದು ಮೈಬಣ್ಣ. ಮರಿಗಳು ಹುಟ್ಟಿದ ಕೂಡಲೇ ತಾಯಿಯ ಹಿಂದೆ ನಡೆಯಬಲ್ಲವು. ಇನ್ನು ಮನುಷ್ಯರಿಂದ ಅದನ್ನು ಕಾಯುವುದು ಕಾನೂನು: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನವಿಲಿನ ಬೇಟೆಯನ್ನು ನಿಷೇಧಿಸಿದೆ.