ಮಾಲ್ಟಾ ಎಸ್ಕಾರ್ಪ್‌ಮೆಂಟ್

ಮಾಲ್ಟಾ ಎಸ್ಕಾರ್ಪ್‌ಮೆಂಟ್ ಮೆಡಿಟರೇನಿಯನ್ ಸಮುದ್ರದ ತಳದಲ್ಲಿರುವ ಒಂದು ಬೃಹತ್ ಪ್ರಪಾತ. ಇದು ಸಿಸಿಲಿ ದ್ವೀಪದ ಪೂರ್ವ ಕರಾವಳಿಯ ಸಮೀಪದಿಂದ ಆರಂಭವಾಗಿ, ಮಾಲ್ಟಾ ದ್ವೀಪಗಳ ಪೂರ್ವಕ್ಕೆ ದಕ್ಷಿಣಾಭಿಮುಖವಾಗಿ ಸುಮಾರು 250 ಕಿ.ಮೀ. ಚಾಚಿದೆ. ಪಶ್ಚಿಮದಲ್ಲಿ ಸಿಸಿಲಿ, ಮಾಲ್ಟಾಗಳನ್ನು ಹೊತ್ತ, ಹೆಚ್ಚು ಆಳವಿಲ್ಲದ ಖಂಡಭಾಗವಿದೆ. ಪೂರ್ವದಲ್ಲಿ ಅಯೋನಿಯನ್ ಸಮುದ್ರದ ಆಳವಾದ ತಳವಿದೆ. ಇವೆರಡರ ನಡುವಿನ ಎತ್ತರದ ವ್ಯತ್ಯಾಸ ಕೆಲವೆಡೆ 3 ಕಿ.ಮೀ.ಗೂ ಹೆಚ್ಚು.

ಉಗಮ

ಇಂದಿನ ಮೆಡಿಟರೇನಿಯನ್‌ಗಿಂತ ಬಹು ಹಿಂದೆ ಈ ಭಾಗದಲ್ಲಿ ಟೆಥಿಸ್ ಎಂಬ ಸಾಗರವಿತ್ತು. ಟ್ರಯಾಸಿಕ್ ಮತ್ತು ಜುರಾಸಿಕ್ ಕಾಲಗಳಲ್ಲಿ, ಅಂದರೆ ಸುಮಾರು 25 ಕೋಟಿಯಿಂದ 15 ಕೋಟಿ ವರ್ಷಗಳ ಹಿಂದೆ, ಭೂತೊಗಟೆ ಹಿಗ್ಗಿ ಸೀಳತೊಡಗಿತು. ಸೀಳಿನ ಒಂದು ಪಾರ್ಶ್ವ ಕುಸಿದು ಅಯೋನಿಯನ್ ತಗ್ಗಾಯಿತು. ಇನ್ನೊಂದು ಪಾರ್ಶ್ವದಲ್ಲಿ ಸುಣ್ಣಕಲ್ಲಿನ ಪದರಗಳು ಒಂದರ ಮೇಲೊಂದು ಬೆಳೆದವು. ಈ ದಂಡೆಗೆ ಹೂಳು ಸುರಿಯುವ ಮಹಾನದಿಗಳಿಲ್ಲ. ಆದ್ದರಿಂದ ಪ್ರಪಾತವು ಮುಚ್ಚಿಹೋಗದೆ, ಪ್ರಾಚೀನ ಶಿಲೆಗಳು ಇಂದಿಗೂ ಹಲವೆಡೆ ತೆರೆದುಕೊಂಡಿವೆ.

ಬತ್ತಿದ ಸಮುದ್ರ, ಮರಳಿದ ನೀರು

ಸುಮಾರು 60 ಲಕ್ಷ ವರ್ಷಗಳ ಹಿಂದೆ ಅಟ್ಲಾಂಟಿಕ್ ಸಾಗರದೊಂದಿಗಿನ ಸಂಪರ್ಕ ಕುಗ್ಗಿ, ಮೆಡಿಟರೇನಿಯನ್‌ನ ನೀರು ಬಹುಮಟ್ಟಿಗೆ ಆವಿಯಾಯಿತು. ತಳದಲ್ಲಿ ದಪ್ಪನೆಯ ಉಪ್ಪಿನ ಪದರಗಳು ಉಳಿದವು. ನೀರಿನ ಮಟ್ಟ ಎಷ್ಟು ಇಳಿಯಿತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಸುಮಾರು 53 ಲಕ್ಷ ವರ್ಷಗಳ ಹಿಂದೆ ಜಿಬ್ರಾಲ್ಟರ್ ತೆರೆದು ಅಟ್ಲಾಂಟಿಕ್‌ನ ನೀರು ಮರಳಿ ನುಗ್ಗಿತು. ಅದು ಮೊದಲು ಪಶ್ಚಿಮ ಭಾಗವನ್ನು ತುಂಬಿ, ಸಿಸಿಲಿಯ ಬಳಿಯ ಎತ್ತರದ ನೆಲವನ್ನು ದಾಟಿ, ಈ ಪ್ರಪಾತದ ಮೇಲಿನಿಂದ ಪೂರ್ವಕ್ಕೆ ಧುಮುಕಿತೆಂದು ಒಂದು ವಾದ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಬಲ ತುಂಬಿತು. ಧ್ವನಿತರಂಗಗಳನ್ನು ಕಳುಹಿಸಿ ತಳವನ್ನು ಪರಿಶೀಲಿಸಿದಾಗ, ಪ್ರಪಾತದ ಬುಡದಲ್ಲಿ ಹೂತುಹೋಗಿರುವ, ಗರಿಷ್ಠ 860 ಮೀಟರ್‌ವರೆಗೆ ದಪ್ಪವಿರುವ ಅಸ್ತವ್ಯಸ್ತ ನಿಕ್ಷೇಪವೊಂದು ಕಂಡುಬಂತು. ಅದರ ಮೇಲ್ಗಡೆ ಪ್ರಪಾತವನ್ನು ಕೊರೆದಿರುವ ನೋಟೊ ಕಮರಿಯೇ ಪ್ರವಾಹದ ಹಾದಿಯಾಗಿರಬೇಕೆಂದು ಸಂಶೋಧಕರು ಊಹಿಸಿದ್ದಾರೆ. ಭೂಕುಸಿತಗಳಿಂದಲೂ ಇಂತಹ ರಾಶಿ ಉಂಟಾಗಬಹುದಾದ್ದರಿಂದ ಚರ್ಚೆ ಮುಗಿದಿದೆ ಎನ್ನಲಾಗದು.

ಇಂದಿನ ಚಲನೆ ಮತ್ತು ಭೂಕಂಪ

ಆಫ್ರಿಕಾ ಫಲಕ ಯುರೇಷಿಯಾ ಫಲಕದತ್ತ ನಿಧಾನವಾಗಿ ಸರಿಯುತ್ತಿದ್ದು, ಅಯೋನಿಯನ್ ತಳ ಇಟಲಿಯ ಕಲಾಬ್ರಿಯಾದ ಕೆಳಗೆ ಜಾರುತ್ತಿದೆ. ಇದರ ಒತ್ತಡ, ಎಳೆತಗಳಿಂದ ಪ್ರಪಾತದ ಉತ್ತರ ಭಾಗದ ಸ್ತರಭಂಗಗಳು ಮತ್ತೆ ಚಲಿಸುತ್ತಿವೆ. ದಕ್ಷಿಣ ಭಾಗ ಹೋಲಿಕೆಯಲ್ಲಿ ಶಾಂತ. ಎಟ್ನಾ ಜ್ವಾಲಾಮುಖಿಯೂ ಈ ಉತ್ತರ ತುದಿಯ ಸಮೀಪದಲ್ಲೇ ಇದೆ.

1693ರ ಜನವರಿ 11ರಂದು ಸಂಭವಿಸಿದ ಭೂಕಂಪ ಪೂರ್ವ ಸಿಸಿಲಿಯ ಕಟಾನಿಯಾ, ನೋಟೊ ಮುಂತಾದ ಊರುಗಳನ್ನು ಧ್ವಂಸಗೊಳಿಸಿತು. ಸುಮಾರು 60,000 ಜನ ಸತ್ತರೆಂದು ಅಂದಾಜು. ಬೆನ್ನಿಗೇ ಸುನಾಮಿ ಕರಾವಳಿಗೆ ಅಪ್ಪಳಿಸಿತು. ಕಂಪನದ ಮೂಲ ಈ ಪ್ರಪಾತದ ಸ್ತರಭಂಗವೆಂದು ಕೆಲವರು, ಸಿಸಿಲಿಯ ನೆಲದಡಿಯ ಸ್ತರಭಂಗವೆಂದು ಇನ್ನು ಕೆಲವರು ವಾದಿಸುತ್ತಾರೆ. ಸುನಾಮಿಗೆ ಸಮುದ್ರದಡಿಯ ಭೂಕುಸಿತ ಕಾರಣವಾಗಿದ್ದಿರಬಹುದೆಂಬ ಮತವೂ ಇದೆ. ಇದು ಬರಿಯ ಪಾಂಡಿತ್ಯದ ಜಿಜ್ಞಾಸೆಯಲ್ಲ. ಮೂಲ ಕಡಲಿನಲ್ಲಿದ್ದರೆ, ಇಂದು ಜನನಿಬಿಡವಾಗಿರುವ ಕಟಾನಿಯಾ, ಸಿರಾಕ್ಯೂಸ್ ನಗರಗಳಿಗೆ ಅಲೆ ತಲುಪಲು ದೊರೆಯುವ ಕಾಲಾವಕಾಶ ಕೆಲವೇ ನಿಮಿಷಗಳದ್ದು.