ಬೇವು: ಮದ್ದು ಮತ್ತು ಮಿತಿ

ಶಿಗ್ಗಾಂವಿ ಸೀಮೆಯ ಹಳ್ಳಿಗಳಲ್ಲಿ ಬೇವಿಗೆ ವೈದ್ಯನ ಸ್ಥಾನವೂ ಉಂಟು, ದೈವದ ಸ್ಥಾನವೂ ಉಂಟು. ಸಿಡುಬಿನ ಕಾಲದಲ್ಲಿ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟುತ್ತಿದ್ದರು. ಹುಳು ಹಿಡಿಯದಿರಲೆಂದು ಕಣಜದ ಕಾಳಿನಲ್ಲಿ ಒಣಗಿದ ಎಲೆ ಬೆರೆಸುತ್ತಿದ್ದರು. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಇದು ‘ನಿಂಬ’. ಸಸ್ಯಶಾಸ್ತ್ರಜ್ಞರ ‘ಅಜಾಡಿರಾಕ್ಟ’ ಎಂಬ ಹೆಸರು ಮಾತ್ರ ಪಾರ್ಸಿಯ ‘ಆಜಾದ್ ದರಖ್ತ್’ ಎಂಬುದರ ರೂಪಾಂತರ. ಸ್ವತಂತ್ರ ವೃಕ್ಷವೆಂದು ಅರ್ಥ. ನವಾಬರ ಸವಣೂರನ್ನು ನೆರೆಯಲ್ಲಿಟ್ಟುಕೊಂಡ ಈ ಕಡೆಯವರಿಗೆ ಆ ಪಾರ್ಸಿ ತೀರ ಅಪರಿಚಿತವೇನಲ್ಲ.

ಈ ಸ್ವಾತಂತ್ರ್ಯಕ್ಕೂ ಒಮ್ಮೆ ಸಂಚಕಾರ ಬಂದಿತ್ತು. ಬೇವಿನೆಣ್ಣೆಯಿಂದ ಬೆಳೆಯ ಶಿಲೀಂಧ್ರ ತಡೆಯುವ ವಿಧಾನಕ್ಕೆ ಯುರೋಪಿನ ಪೇಟೆಂಟ್ ಕಚೇರಿಯು 1994ರಲ್ಲಿ ಅಮೆರಿಕದ ಗ್ರೇಸ್ ಕಂಪನಿಗೂ ಅಲ್ಲಿಯ ಕೃಷಿ ಇಲಾಖೆಗೂ ಹಕ್ಕು ನೀಡಿತು. ವಂದನಾ ಶಿವ ಮೊದಲಾದವರ ಆಕ್ಷೇಪದಿಂದ 2000ನೇ ಇಸವಿಯಲ್ಲಿ ಅದು ರದ್ದಾಯಿತು; 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು.

ಗೆದ್ದೆವೆಂದು ಹಿಗ್ಗುವವರು ಇನ್ನೊಂದು ಸಂಗತಿಯನ್ನೂ ಕೇಳಬೇಕು. 1981ರಲ್ಲಿ ಮಲೇಷ್ಯಾದ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬೇವಿನೆಣ್ಣೆ ಕುಡಿಸಲ್ಪಟ್ಟ 13 ಶಿಶುಗಳ ವೃತ್ತಾಂತ ಬರೆದರು. ವಾಂತಿ, ಮಂಪರು, ಏದುಸಿರು, ಸೆಳವು, ಇಬ್ಬರು ಉಳಿಯಲಿಲ್ಲ. ಕುಡಿಸಿದವರೆಲ್ಲ ಮದ್ದೆಂದೇ ಕುಡಿಸಿದ್ದರು. ಯುಗಾದಿಯ ಬೇವುಬೆಲ್ಲದಲ್ಲಿನ ಚಿಟಿಕೆ ಹೂವು ಬೇರೆ, ಬೀಜದಿಂದ ಹಿಂಡಿದ ಎಣ್ಣೆ ಬೇರೆ. ಎಣ್ಣೆಯನ್ನು ದೊಡ್ಡವರ ಕಜ್ಜಿ–ತುರಿಗೆ ಹಚ್ಚಿದರೆ ಸರಿ. ಮಕ್ಕಳ ಮತ್ತು ಗರ್ಭಿಣಿಯರ ಹೊಟ್ಟೆಗೆ ಕೊಡತಕ್ಕದ್ದಲ್ಲ. ಅಕಸ್ಮಾತ್ ಕೂಸು ಕುಡಿದರೆ, ವಾಂತಿ ಮಾಡಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸೀಸೆಯನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು.