ಕಾವೇರಿಯ ಅಳತೆಗೋಲು

ಮಳೆಗಾಲದ ದಿನಗಳಲ್ಲಿ ಮದ್ದೂರಿನ ಕಾಫಿ ಹೋಟೆಲಿಗೆ ಹೋಗಿ ಕುಳಿತರೆ ಸಾಕು, ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ತಾನಾಗಿ ಕಿವಿಗೆ ಬೀಳುತ್ತದೆ. 124.80 ಅಡಿ ಮುಟ್ಟಿತೆಂದರೆ ಭತ್ತದ ಮಾತು. ಮುಟ್ಟದಿದ್ದರೆ ರಾಗಿಯ ಮಾತು. ಈ ಅಂಕಿಯ ಹಿಂದೆ ನೂರಕ್ಕೂ ಮಿಕ್ಕಿದ ವರ್ಷಗಳ ವ್ಯಾಜ್ಯವಿದೆ.

1892ರ ಒಪ್ಪಂದದಂತೆ ಮೈಸೂರು ಹೊಸ ಅಣೆ ಕಟ್ಟಬೇಕಾದರೆ ಮದರಾಸಿನ ಒಪ್ಪಿಗೆಯನ್ನು ಮೊದಲೇ ಪಡೆಯಬೇಕಾಗಿತ್ತು. 1911ರಲ್ಲಿ ಕನ್ನಂಬಾಡಿಯ ಕೆಲಸ ತೊಡಗಿದಾಗ ತಕರಾರೆದ್ದಿತು. ಪಂಚಾಯಿತಿಗೆ ಕುಳಿತವರು ನ್ಯಾಯಮೂರ್ತಿ ಗ್ರಿಫಿನ್. ಅವರ ಪಕ್ಕದಲ್ಲಿ ನೀರಾವರಿ ತಜ್ಞ ನೆದರ್‌ಸೋಲ್. 1914ರಲ್ಲಿ ಅವರಿತ್ತ ತೀರ್ಪು ಮೈಸೂರಿಗೆ ಅನುಕೂಲವಾಗಿತ್ತು. ಮದರಾಸು ಲಂಡನ್ನಿನವರೆಗೂ ಹೋಯಿತು. ಕಡೆಗೆ 1924ರ ಫೆಬ್ರವರಿ 18ರಂದು ರಾಜಿಯಾಯಿತು.

ಆ ರಾಜಿಯಲ್ಲಿ ಒಂದು ಸ್ವಾರಸ್ಯವುಂಟು. ಮೈಸೂರು ತನ್ನ ಕಟ್ಟೆಯಲ್ಲಿ ಎಷ್ಟು ನೀರು ಹಿಡಿದಿಡಬಹುದೆಂಬುದು ದೂರದ ತಿರುಚಿರಾಪಳ್ಳಿಯ ಬಳಿಯ ಮೇಲಣೆಕಟ್ಟಿನ ಅಳತೆಗೋಲನ್ನು ಆಧರಿಸಿತ್ತು. ನಮ್ಮ ಗದ್ದೆಯ ಹಕ್ಕನ್ನು ಪರರ ಊರಿನ ಕೋಲು ಹೇಳುತ್ತಿತ್ತಲ್ಲ! ಆದರೂ ಅದು ಕಣ್ಣಿಗೆ ಕಾಣುವ ಕೋಲು. ಎರಡು ಕಡೆಯವರೂ ಓದಬಹುದಾಗಿತ್ತು.

ಅದರ ಐವತ್ತು ವರ್ಷದ ಗಡುವು 1974ಕ್ಕೆ ತೀರಿತು, ಜಗಳ ತೀರಲಿಲ್ಲ. 1990ರಲ್ಲಿ ನ್ಯಾಯಾಧಿಕರಣ ಬಂದಿತು, 2007ರಲ್ಲಿ ಅದರ ಅಂತಿಮ ತೀರ್ಪು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಿಸಿ, ತಮಿಳುನಾಡಿಗೆ 177.25 ಟಿಎಂಸಿ ಎಂದು ಗೊತ್ತುಮಾಡಿತು. ಈಗ ಅಳೆಯುವ ಜಾಗ ಗಡಿಯ ಬಿಳಿಗುಂಡ್ಲು.

ಅಳೆಯುವ ಬಗೆಯೂ ಬದಲಾಗಿದೆ. 1988ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಬರ ಉಸ್ತುವಾರಿ ಕೋಶ ಬೆಳೆದು, ಇಂದು ಗ್ರಾಮಪಂಚಾಯಿತಿಗಳಲ್ಲಿ ತಾನೇ ಅಳೆದು ತಾನೇ ವರದಿ ಕಳುಹಿಸುವ ಮಳೆಮಾಪಕಗಳಿವೆ. 2023ರ ಮಳೆಗಾಲ ಕೈಕೊಟ್ಟಾಗ ಸರ್ಕಾರ ಮೊದಲಿಗೆ 195 ತಾಲ್ಲೂಕುಗಳನ್ನು ಬರಪೀಡಿತವೆಂದಿತು. ಮಳೆ ಇಷ್ಟು ಕಡಿಮೆ, ಒಳಹರಿವು ಇಷ್ಟು ಕಡಿಮೆ ಎಂಬ ಲೆಕ್ಕವನ್ನೇ ಹಿಡಿದು ಕಾವೇರಿ ಪ್ರಾಧಿಕಾರದ ಮುಂದೆ ವಾದಿಸಿತು. ಆದರೂ ದಿನಕ್ಕೆ 5,000 ಕ್ಯುಸೆಕ್ಸಿನಂತೆ ಬಿಡಬೇಕೆಂಬ ಆದೇಶ ನಿಂತಿತು. ಸೆಪ್ಟೆಂಬರ್ 23ರಂದು ಮಂಡ್ಯ ಬಂದ್ ಆಯಿತು.

ಮರುವರ್ಷ, 2024ರ ಮಾರ್ಚಿ 21ರಂದು, ಸುಪ್ರೀಂ ಕೋರ್ಟು ಹೊಸದೊಂದು ಮಾತು ಹೇಳಿತು. ಮೊಕದ್ದಮೆ ಎಲ್ಲಿಯದೋ ರಾಜಸ್ಥಾನ, ಗುಜರಾತಿನ ಹೆಬ್ಬಕ ಪಕ್ಷಿಗಳದು. ಆದರೆ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಪಾರಾಗುವುದೂ ಪ್ರಜೆಯ ಹಕ್ಕೆಂದು, ಸಂವಿಧಾನದ 14 ಮತ್ತು 21ನೆಯ ವಿಧಿಗಳನ್ನು ಆಧಾರವಾಗಿಟ್ಟುಕೊಂಡು, ನ್ಯಾಯಾಲಯ ಒಪ್ಪಿತು.

ದೊಡ್ಡ ಮಾತೇ ಸರಿ. ಆದರೆ ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಮಳವಳ್ಳಿಯ ರೈತನಿಗೆ ಹಕ್ಕು ಸಾಧಿಸಲು ಲೆಕ್ಕ ಬೇಕು. ನೀರು ಬರಲಿಲ್ಲವೆಂಬ ಅವನ ದೂರು ಹಳೆಯದು. ಕಚೇರಿಯಲ್ಲಿ ಅದಕ್ಕೆ ಸಿಗುವ ಉತ್ತರವೂ ಹಳೆಯದು, 'ಮೇಲಿಂದ ಬಿಟ್ಟಿದ್ದೇವೆ' ಎಂಬುದು. ಎರಡು ರಾಜ್ಯಗಳ ನಡುವೆ ಬಿಳಿಗುಂಡ್ಲುವಿನಲ್ಲಿ ಹನಿಹನಿಯನ್ನೂ ಎಣಿಸುವ ನಾವು, ಅವನ ತೂಬಿನ ಬಾಯಲ್ಲಿ ಹರಿದದ್ದೆಷ್ಟೆಂದು ದಿನದಿನವೂ ಪಂಚಾಯಿತಿಯ ಗೋಡೆಯ ಮೇಲೆ ಬರೆಸಬಾರದೇಕೆ? ಅದಕ್ಕೆ ಬೇಕಾದದ್ದು ಒಂದು ಅಳತೆಗೋಲು, ಒಂದು ತುಂಡು ಸೀಮೆಸುಣ್ಣ.